ಗದ್ದೆನೀರಿನ ಒಂದು ಹನಿಯಲ್ಲಿ: ಜೀವಕೋಶವನ್ನು ಸಾಗಿಸುವ ಮೋಟಾರ್ ಪ್ರೋಟೀನುಗಳು

ಕೊಡಗಿನಲ್ಲಿ ಮಳೆ ಬಲಿತು ನಾಟಿಯ ಕೆಲಸ ಶುರುವಾಗುವ ದಿನಗಳಲ್ಲಿ ನಾನು ಪ್ರತಿವರ್ಷ ತಪ್ಪದೆ ಮಾಡುವ ಒಂದು ಕೆಲಸವಿದೆ. ತೋಟದ ಇಳಿಜಾರು ಮುಗಿದು ಬಯಲು ಆರಂಭವಾಗುವಲ್ಲಿರುವ ಗದ್ದೆಯಿಂದ ಒಂದು ಬಾಟಲಿ ನೀರು ತಂದು, ಹಿಂದಿನ ವರ್ಷದ ಬತ್ತದ ಹುಲ್ಲನ್ನು ಬೆರಳುದ್ದ ಕತ್ತರಿಸಿ ಅದರಲ್ಲಿ ಮುಳುಗಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಪ್ರಯೋಗಾಲಯದ ಕಿಟಕಿಯ ಬಳಿ ಇಡುತ್ತೇನೆ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ ನೀರು ಕಷಾಯದ ಬಣ್ಣಕ್ಕೆ ತಿರುಗಿ, ಮೇಲೆ ಬೂದು ಕೆನೆಯಂಥ ಪೊರೆ ಕಟ್ಟುತ್ತದೆ. ಆ ಪೊರೆಯ ಅಂಚಿನಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ಓಟ ನಿಧಾನವಾಗಲೆಂದು ಹತ್ತಿಯ ನಾಲ್ಕಾರು ಎಳೆಗಳನ್ನು ಬಿಡಿಸಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿದರೆ ಪ್ಯಾರಮೀಸಿಯಂ ಕಾಣುತ್ತದೆ.

ಅದು ಚಪ್ಪಲಿಯ ಅಟ್ಟೆಯ ಆಕಾರದ, ಸುಮಾರು ಕಾಲು ಮಿಲಿಮೀಟರ್ ಉದ್ದದ ಒಂದೇ ಒಂದು ಜೀವಕೋಶ. ತನ್ನ ಅಕ್ಷದ ಸುತ್ತ ತಿರುಗುತ್ತ, ತಿರುಪಿನ ಹಾದಿಯಲ್ಲಿ, ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಷ್ಟು, ಅಂದರೆ ತನ್ನ ಮೈಯುದ್ದದ ನಾಲ್ಕು ಪಟ್ಟು ದೂರ ಸಾಗುತ್ತದೆ. ಹತ್ತಿಯ ಎಳೆಗೆ ಮೂತಿ ತಗುಲಿದ ಕ್ಷಣ ಗಕ್ಕನೆ ಹಿಂದಕ್ಕೆ ಸರಿದು, ಸ್ವಲ್ಪ ಓರೆಯಾಗಿ ತಿರುಗಿ, ಮತ್ತೆ ಮುಂದಕ್ಕೆ ಹೊರಡುತ್ತದೆ. ಮತ್ತೆ ತಗುಲಿದರೆ ಮತ್ತೆ ಹಿಂದಕ್ಕೆ, ಮತ್ತೆ ಇನ್ನೊಂದು ದಿಕ್ಕಿಗೆ. ಇದನ್ನು ಮೊದಲ ಸಲ ನೋಡಿದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಸ್ನಾಯುವಿಲ್ಲ, ನರವಿಲ್ಲ, ಎಲುಬಿಲ್ಲ, ಹಾಗಿದ್ದ ಮೇಲೆ ಇದನ್ನು ತಳ್ಳುತ್ತಿರುವುದು ಯಾವುದು? ಪ್ರಶ್ನೆ ಸಹಜವಾದದ್ದು, ಆದರೆ ಉತ್ತರ ಹೇಳುವಾಗ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಪ್ಯಾರಮೀಸಿಯಂ ಮೈಮೇಲಿನ ಕೂದಲಿನಂಥ ಲೋಮಾಂಗಗಳಿಂದ, ಯೂಗ್ಲಿನಾ ಚಾಟಿಯಂಥ ಕಶಾಂಗದಿಂದ, ಅಮೀಬಾ ಮೈಯನ್ನೇ ಮುಂದೆ ಚಾಚಿದ ಮಿಥ್ಯಪಾದದಿಂದ ಚಲಿಸುತ್ತವೆ ಎಂದು ಬರೆಸಿ ಪುಟ ತಿರುಗಿಸುತ್ತೇವೆ. ಲೋಮಾಂಗವನ್ನು ಬಡಿಯುವಂತೆ ಮಾಡುವುದು ಯಾವುದು, ಮಿಥ್ಯಪಾದ ಹೊರಟ ಮೇಲೆ ಹಿಂದುಳಿದ ಮೈಯನ್ನು ಎಳೆದುಕೊಳ್ಳುವುದು ಯಾವುದು ಎಂಬ ಮುಂದಿನ ಪ್ರಶ್ನೆಗೆ ಮೋಟಾರ್ ಪ್ರೋಟೀನುಗಳ ಬಳಿಗೇ ಹೋಗಬೇಕು.

ಮೋಟಾರ್ ಪ್ರೋಟೀನ್ ಎಂದರೆ ಎಟಿಪಿ ಎಂಬ ಇಂಧನದ ಅಣುವನ್ನು ಒಡೆದು, ಅದರಿಂದ ಬಿಡುಗಡೆಯಾದ ಶಕ್ತಿಯಿಂದ ತನ್ನ ಆಕಾರವನ್ನು ಬದಲಿಸಿಕೊಂಡು, ಒಂದು ಹಳಿಯ ಮೇಲೆ ಒಂದು ಹೆಜ್ಜೆ ಇಡುವ ಅಣು. ಜೀವಕೋಶದಲ್ಲಿ ಇಂಥ ಹಳಿಗಳು ಎರಡು ಬಗೆಯವು. ಸುಮಾರು 7 ನ್ಯಾನೋಮೀಟರ್ ದಪ್ಪದ ಆಕ್ಟಿನ್ ಎಳೆ ಒಂದು, ಸುಮಾರು 25 ನ್ಯಾನೋಮೀಟರ್ ದಪ್ಪದ, ಒಳಗೆ ಟೊಳ್ಳಾದ ಸೂಕ್ಷ್ಮನಾಳ ಇನ್ನೊಂದು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ಒಂದು ನ್ಯಾನೋಮೀಟರ್. ಆಕ್ಟಿನ್ ಎಳೆಯ ಮೇಲೆ ನಡೆಯುವ ಮೋಟಾರುಗಳ ಕುಟುಂಬ ಮಯೋಸಿನ್. ಸೂಕ್ಷ್ಮನಾಳದ ಮೇಲೆ ನಡೆಯುವ ಕುಟುಂಬಗಳು ಕೈನೆಸಿನ್ ಮತ್ತು ಡೈನೀನ್. ಮೂರೂ ಮಾಡುವ ಕೆಲಸದ ತಿರುಳು ಒಂದೇ. ಹಾಗಿದ್ದರೂ ಒಂದು ಕೋಶ ಈಜುತ್ತದೆ, ಒಂದು ತೆವಳುತ್ತದೆ, ಇನ್ನೊಂದು ಮೈ ಅಲುಗಿಸದೆ ಜಾರುತ್ತದೆ. ಈ ವ್ಯತ್ಯಾಸ ಬಹುಪಾಲು ಹುಟ್ಟುವುದು ಹಳಿಯನ್ನು ಯಾವುದಕ್ಕೆ ಕಟ್ಟಿದೆ, ಮೋಟಾರನ್ನು ಯಾವುದಕ್ಕೆ ಕಟ್ಟಿದೆ ಎಂಬುದರಿಂದ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದ ವಿವರಗಳೆಲ್ಲ ತಾವಾಗಿ ಜಾಗಕ್ಕೆ ಬಂದು ಕೂರುತ್ತವೆ ಎಂಬುದು ಪಾಠ ಮಾಡುತ್ತ ನನಗೆ ಕಂಡುಬಂದ ಸಂಗತಿ.

ಮೋಟಾರಿನ ಹೆಜ್ಜೆಯನ್ನು ನೋಡುವುದಕ್ಕೆ ಮುಂಚೆ ಕೋಶ ಬದುಕುವ ನೀರು ಎಂಥದ್ದು ಎಂಬುದನ್ನು ತಿಳಿಯಬೇಕು. ನಾವು ಹೊಳೆಯಲ್ಲಿ ಈಜುವಾಗ ಕೈಕಾಲು ನಿಲ್ಲಿಸಿದರೂ ಒಂದಷ್ಟು ದೂರ ತೇಲಿಕೊಂಡು ಹೋಗುತ್ತೇವೆ, ಏಕೆಂದರೆ ನಮ್ಮ ಮೈತೂಕದ ಜಡತ್ವದ ಮುಂದೆ ನೀರಿನ ಸ್ನಿಗ್ಧತೆ, ಅಂದರೆ ಅಂಟಿನಂತೆ ಹಿಡಿದು ತಡೆಯುವ ಗುಣ, ಸಣ್ಣದು. ಕೋಶದ ಗಾತ್ರಕ್ಕೆ ಇಳಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಈಜುತ್ತಿರುವ ಬ್ಯಾಕ್ಟೀರಿಯಾ ತನ್ನ ಯಂತ್ರವನ್ನು ನಿಲ್ಲಿಸಿದರೆ, ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತದೆ. ಭಾಗಮಂಡಲದ ಕಡೆಯ ಗಟ್ಟಿ ಜೇನುತುಪ್ಪವನ್ನು ಒಂದು ಕೊಳದ ತುಂಬ ತುಂಬಿಸಿ ಅದರಲ್ಲಿ ನಮ್ಮನ್ನು ಈಜಲು ಬಿಟ್ಟರೆ ಹೇಗೋ, ಕೋಶಕ್ಕೆ ನೀರು ಹಾಗೆ. ಇನ್ನೊಂದು ವಿಚಿತ್ರವೂ ಇದೆ. ಇಲ್ಲಿ ಕಾಲನ್ನು ಮುಂದೆ ತಂದ ದಾರಿಯಲ್ಲೇ ಹಿಂದಕ್ಕೆ ಒಯ್ದರೆ, ವೇಗವನ್ನು ಎಷ್ಟೇ ಬದಲಿಸಿದರೂ ಕೋಶ ಹೊರಟ ಜಾಗಕ್ಕೇ ಮರಳುತ್ತದೆ. ಮುಂದಿನ ಬಡಿತದ ರೂಪವೂ ಹಿಂದಿನ ಬಡಿತದ ರೂಪವೂ ಬೇರೆಯಾಗಿದ್ದರೆ ಮಾತ್ರ ಮುಂದುವರಿಯಲು ಸಾಧ್ಯ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1976ರಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಈ ನಿಯಮವನ್ನು ಬಿಡಿಸಿಟ್ಟರು. ಪ್ಯಾರಮೀಸಿಯಂನ ಲೋಮಾಂಗ ಬಡಿಯುವಾಗ ನೆಟ್ಟಗೆ ಚಾಚಿಕೊಂಡು, ಮರಳುವಾಗ ಮೈಗೆ ಒತ್ತಿ ಬಾಗಿಕೊಂಡು ಬರುವುದಕ್ಕೆ ಕಾರಣ ಇದೇ.

ಈಗ ಹೆಜ್ಜೆಗೆ ಬರೋಣ. ಒಂಟಿಯಾಗಿ ನಡೆಯುವ ಮೋಟಾರುಗಳಲ್ಲಿ ಅತ್ಯಂತ ಚೆನ್ನಾಗಿ ತಿಳಿದಿರುವುದು ಕೈನೆಸಿನ್. 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಇವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಕಂಡುಹಿಡಿದರು. ಎರಡು ತಲೆಗಳಿರುವ ಈ ಅಣು ಸೂಕ್ಷ್ಮನಾಳದ ಮೇಲೆ ಒಂದು ತಲೆಯನ್ನು ಊರಿಕೊಂಡೇ ಇನ್ನೊಂದನ್ನು ಎತ್ತಿ ಮುಂದಿಡುತ್ತದೆ. ನಮ್ಮ ತೋಟಗಳಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಒಂಟಿ ಬಿದಿರಿನ ಏಣಿ ಚಾಚಿ ಹತ್ತುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಒಂದು ಕಾಲು ಗಟ್ಟಿಯಾಗಿ ನಿಂತಿದೆಯೆಂದು ಖಚಿತವಾದ ಮೇಲೆಯೇ ಇನ್ನೊಂದು ಕಾಲು ಮೇಲಿನ ಗೆಣ್ಣಿಗೆ ಹೋಗುತ್ತದೆ. ಏಣಿಯ ಗೆಣ್ಣುಗಳ ಅಂತರ ಇಲ್ಲಿ 8 ನ್ಯಾನೋಮೀಟರ್, ಏಕೆಂದರೆ ಸೂಕ್ಷ್ಮನಾಳವನ್ನು ಕಟ್ಟಿರುವ ಟ್ಯೂಬ್ಯುಲಿನ್ ಇಟ್ಟಿಗೆಯ ಉದ್ದವೇ ಅಷ್ಟು. ಲೇಸರ್ ಬೆಳಕಿನಿಂದ ಒಂದು ಸಣ್ಣ ಮಣಿಯನ್ನು ಹಿಡಿದು, ಅದನ್ನು ಎಳೆಯುವ ಒಂದೇ ಅಣುವಿನ ಹೆಜ್ಜೆಯನ್ನು 1993ರಲ್ಲಿ ಅಳೆದಾಗ ಸಿಕ್ಕಿದ್ದೂ ಇದೇ 8 ನ್ಯಾನೋಮೀಟರ್. ಒಂದು ಹೆಜ್ಜೆಗೆ ಒಂದು ಎಟಿಪಿ ಖರ್ಚಾಗುತ್ತದೆ. ಸೆಕೆಂಡಿಗೆ ಸುಮಾರು ನೂರು ಹೆಜ್ಜೆ. ಭಾರ ಹೆಚ್ಚಿದ್ದಾಗ ಎಟಿಪಿಯ ಶಕ್ತಿಯ ಸರಿಸುಮಾರು ಅರ್ಧ ಭಾಗವನ್ನು ಇದು ಎಳೆಯುವ ಕೆಲಸಕ್ಕೆ ತಿರುಗಿಸಬಲ್ಲದು. ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಡಿಕ್ಕಿ ಹೊಡೆಯುತ್ತಿರುವ ನಡುವೆ, ಆ ಡಿಕ್ಕಿಗಳಲ್ಲಿ ಅನುಕೂಲವಾದದ್ದನ್ನು ಬಳಸಿಕೊಂಡು, ಹಿಂದೆ ಜಾರದಂತೆ ಹೆಜ್ಜೆಯನ್ನು ಬೀಗ ಹಾಕಿಕೊಳ್ಳುವ ಈ ಅಣುವಿನ ನಡಿಗೆಯನ್ನು ನೆನೆದಾಗಲೆಲ್ಲ ನನಗೆ ಬೆರಗು ಕಡಿಮೆಯಾಗಿಲ್ಲ.

ಕೈನೆಸಿನ್ ಕೋಶದ ಒಳಗಿನ ಸರಕು ಸಾಗಿಸುವುದರಲ್ಲಿ ನಿಪುಣ. ಕೋಶವನ್ನೇ ಸಾಗಿಸುವ ಕೆಲಸದಲ್ಲಿ ಅದರ ಪಾತ್ರ ಹೆಚ್ಚಾಗಿ ಪರೋಕ್ಷವಾದದ್ದು. ಅದು ಏನೆಂದು ಮುಂದೆ ಬರುತ್ತದೆ. ಕೋಶವನ್ನು ನೇರವಾಗಿ ಸಾಗಿಸುವ ಡೈನೀನ್ ಮತ್ತು ಮಯೋಸಿನ್‌ಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಗುಂಪಾಗಿ ಮಾಡುತ್ತವೆ. ಕೈಲ್‌ಪೊಳ್ದ್ ಹಬ್ಬದ ಆಟೋಟಗಳಲ್ಲಿ ಹಗ್ಗಜಗ್ಗಾಟ ನೋಡುವಾಗ ಗಮನಿಸಬಹುದು: ಎಲ್ಲರೂ ಒಟ್ಟಿಗೆ ಹಿಡಿತ ಬದಲಿಸಿದರೆ ಹಗ್ಗ ಕೈತಪ್ಪಿ ಹೋಗುತ್ತದೆ, ಕೆಲವರು ಹಿಡಿದಿರುವಾಗ ಕೆಲವರು ಕೈ ಮುಂದಿಡಬೇಕು. ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುವ ನೂರಾರು ಅಣುಗಳ ಇಂಥ ಜಗ್ಗಾಟವೇ ಪ್ಯಾರಮೀಸಿಯಂನ ಲೋಮಾಂಗದ ಒಳಗೂ ನಡೆಯುತ್ತಿದೆ.

ಒಂದು ಲೋಮಾಂಗದ ಉದ್ದ ಸುಮಾರು 10 ಮೈಕ್ರೋಮೀಟರ್, ದಪ್ಪ ಸುಮಾರು ಕಾಲು ಮೈಕ್ರೋಮೀಟರ್. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರೋಮೀಟರ್. ಅದನ್ನು ಅಡ್ಡ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿನಲ್ಲಿ ಒಂಬತ್ತು ಜೋಡಿನಾಳಗಳ ಬಳೆ, ನಡುವೆ ಎರಡು ಒಂಟಿ ನಾಳಗಳು ಕಾಣುತ್ತವೆ. 1954ರಲ್ಲಿ ಡಾನ್ ಫಾಸೆಟ್ ಮತ್ತು ಕೀತ್ ಪೋರ್ಟರ್ ವಿವರಿಸಿದ ಈ 9+2 ರಚನೆ ಗದ್ದೆಯ ಪ್ಯಾರಮೀಸಿಯಂನಲ್ಲೂ, ನೀರನ್ನು ಹಸಿರಾಗಿಸುವ ಕ್ಲ್ಯಾಮಿಡೋಮೊನಾಸ್‌ನಲ್ಲೂ, ಮನುಷ್ಯನ ವೀರ್ಯಾಣುವಿನ ಬಾಲದಲ್ಲೂ, ನಮ್ಮ ಶ್ವಾಸನಾಳದ ಒಳಗೋಡೆಯಲ್ಲೂ ಒಂದೇ ರೀತಿ ಇದೆ. 1959ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಜೀಲಿಯಸ್ ಪ್ರತಿ ಜೋಡಿನಾಳದಿಂದ ಪಕ್ಕದ ಜೋಡಿನಾಳದ ಕಡೆಗೆ ಚಾಚಿದ ಪುಟ್ಟ ತೋಳುಗಳನ್ನು ಗುರುತಿಸಿದರು. ಇಯಾನ್ ಗಿಬ್ಬನ್ಸ್ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಲೋಮಾಂಗಗಳಿಂದ ಆ ತೋಳುಗಳನ್ನು ಬೇರ್ಪಡಿಸಿ, ಅವು ಎಟಿಪಿಯನ್ನು ಒಡೆಯುತ್ತವೆಂದು ತೋರಿಸಿ, 1965ರಲ್ಲಿ ಬಲದ ಅಳತೆಯಾದ ಡೈನ್‌ನಿಂದ ಡೈನೀನ್ ಎಂಬ ಹೆಸರನ್ನು ಕೊಟ್ಟರು. ಹೊರಸಾಲಿನ ಡೈನೀನ್ ತೋಳುಗಳು ನಾಳದುದ್ದಕ್ಕೂ 24 ನ್ಯಾನೋಮೀಟರಿಗೆ ಒಂದರಂತೆ ಇವೆ. 10 ಮೈಕ್ರೋಮೀಟರ್ ಉದ್ದ, ಒಂಬತ್ತು ಜೋಡಿನಾಳ ಎಂದು ಗುಣಿಸಿ ನೋಡಿದರೆ ಒಂದೇ ಲೋಮಾಂಗದಲ್ಲಿ ಹೊರತೋಳುಗಳೇ ಮೂರೂವರೆ ಸಾವಿರ ದಾಟುತ್ತವೆ. ಪ್ಯಾರಮೀಸಿಯಂನ ಮೈಮೇಲೆ ಅಂಥ ಲೋಮಾಂಗಗಳು ಸಾವಿರಾರು.

ಡೈನೀನ್ ದೊಡ್ಡ ಅಣು. ಅದರ ತಲೆ ಆರು ಘಟಕಗಳ ಒಂದು ಉಂಗುರ, ಉಂಗುರದಿಂದ ಹೊರಟ ಒಂದು ಸಣ್ಣ ದಂಟಿನ ತುದಿ ಪಕ್ಕದ ನಾಳವನ್ನು ಹಿಡಿಯುತ್ತದೆ, ಬಾಲ ತನ್ನ ಸ್ವಂತ ನಾಳಕ್ಕೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ. ಅಂದರೆ ಇಲ್ಲಿ ಮೋಟಾರು ಕಟ್ಟಿರುವುದು ಒಂದು ಹಳಿಗೆ, ನಡೆಯುವುದು ಇನ್ನೊಂದು ಹಳಿಯ ಮೇಲೆ. ಅದು ಹೆಜ್ಜೆಯಿಟ್ಟಾಗ ಆಗಬೇಕಾದದ್ದು ಒಂದು ನಾಳ ಇನ್ನೊಂದರ ಪಕ್ಕದಲ್ಲಿ ಉದ್ದಕ್ಕೆ ಜಾರುವುದು. ಲೋಮಾಂಗ ಮಾಡುವುದಾದರೋ ಜಾರುವುದಲ್ಲ, ಬಾಗುವುದು. ಈ ಗಂಟನ್ನು ಬಿಡಿಸಲು ನಾನು ತರಗತಿಯಲ್ಲಿ ಬಿದಿರಿನ ಎರಡು ತೆಳು ಸೀಳುಗಳನ್ನು ಬಳಸುತ್ತೇನೆ. ಎರಡನ್ನೂ ಜೋಡಿಸಿ ಹಿಡಿದು ಒಂದನ್ನು ಮೇಲಕ್ಕೆ ತಳ್ಳಿದರೆ ಅದು ಜಾರಿ ಮೇಲೇರುತ್ತದೆ, ಅಷ್ಟೇ. ಈಗ ಬುಡದಲ್ಲಿ ಎರಡನ್ನೂ ದಾರದಿಂದ ಬಿಗಿಯಾಗಿ ಕಟ್ಟಿ, ನಡುನಡುವೆ ಸಡಿಲ ರಬ್ಬರ್ ಬಳೆಗಳನ್ನು ತೊಡಿಸಿ, ಮತ್ತೆ ಒಂದನ್ನು ಇನ್ನೊಂದರ ಮೇಲೆ ಸರಿಸಲು ನೋಡಿದರೆ ಬುಡ ಬಿಡುವುದಿಲ್ಲ. ಸರಿಯಲು ಹೋದ ಸೀಳು ಬೇರೆ ದಾರಿ ಕಾಣದೆ ಬಾಗುತ್ತದೆ, ಜೊತೆಗಿದ್ದದ್ದನ್ನೂ ಬಾಗಿಸುತ್ತದೆ. ಕೈಯಲ್ಲಿ ಹಿಡಿದು ನೋಡಿದ ವಿದ್ಯಾರ್ಥಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ. ಲೋಮಾಂಗದಲ್ಲಿ ಆ ದಾರದ ಕೆಲಸವನ್ನು ಬುಡದ ರಚನೆಯೂ, ರಬ್ಬರಿನ ಕೆಲಸವನ್ನು ಜೋಡಿನಾಳಗಳನ್ನು ಒಂದಕ್ಕೊಂದು ಬೆಸೆದಿರುವ ನೆಕ್ಸಿನ್ ಕೊಂಡಿಗಳೂ ಮಾಡುತ್ತವೆ.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. 1971ರಲ್ಲಿ ಕೀತ್ ಸಮ್ಮರ್ಸ್ ಮತ್ತು ಗಿಬ್ಬನ್ಸ್ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ವೀರ್ಯಾಣುಗಳ ಬಾಲದ ತುಂಡುಗಳನ್ನು ತೆಗೆದುಕೊಂಡು, ಹೊರಪೊರೆ ಕಳಚಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ಒಳಗಿನ ಕೊಂಡಿಗಳನ್ನು ಸ್ವಲ್ಪವಾಗಿ ಕತ್ತರಿಸಿದರು. ಆಮೇಲೆ ಎಟಿಪಿ ಸೇರಿಸಿದಾಗ ಆ ತುಂಡುಗಳು ಬಾಗಲಿಲ್ಲ. ಜೋಡಿನಾಳಗಳು ಒಂದರೊಳಗಿಂದ ಒಂದು ಎಳೆದ ಏರಿಯಲ್ ಕಡ್ಡಿಯಂತೆ ಉದ್ದಕ್ಕೆ ಜಾರಿ ಹೊರಬಂದವು. ಕಟ್ಟು ಬಿಚ್ಚಿದರೆ ಜಾರುವಿಕೆ, ಕಟ್ಟು ಇದ್ದರೆ ಬಾಗುವಿಕೆ. ಜೀವವಿಜ್ಞಾನದಲ್ಲಿ ಇಷ್ಟು ನೇರವಾಗಿ ಉತ್ತರ ಕೊಡುವ ಪ್ರಯೋಗಗಳು ವಿರಳ. ಇನ್ನು ಒಂಬತ್ತೂ ಜೋಡಿಗಳ ಡೈನೀನುಗಳು ಒಟ್ಟಿಗೆ ಎಳೆದರೆ ಯಾವ ಕಡೆಗೂ ಬಾಗದೆ ಲೋಮಾಂಗ ಸೆಟೆದು ನಿಲ್ಲಬೇಕಷ್ಟೇ. ಒಂದು ಪಕ್ಕದವು ಎಳೆಯುವಾಗ ಎದುರು ಪಕ್ಕದವು ಸುಮ್ಮನಿರಬೇಕು, ಮರುಕ್ಷಣದಲ್ಲಿ ಸರದಿ ಬದಲಾಗಬೇಕು. ಅತಿಶೀತಲ ಸ್ಥಿತಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ, 2018ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ, ಈಜುತ್ತಿರುವಾಗಲೇ ಹೆಪ್ಪುಗಟ್ಟಿಸಿದ ಬಾಲಗಳ ಒಂದೊಂದು ಬಾಗಿನಲ್ಲೂ ಯಾವ ಪಕ್ಕದ ಡೈನೀನುಗಳು ತಡೆಹಿಡಿಯಲ್ಪಟ್ಟಿವೆ ಎಂಬುದು ಕಾಣಿಸಿತು.

ಹತ್ತಿಯ ಎಳೆಗೆ ತಗುಲಿ ಹಿಂದೆ ಸರಿದ ಪ್ಯಾರಮೀಸಿಯಂಗೆ ಈಗ ಮರಳಬಹುದು. ಮೂತಿ ತಗುಲಿದಾಗ ಅದರ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಲೋಮಾಂಗಗಳ ಪೊರೆಯಲ್ಲಿರುವ ಕಾಲುವೆಗಳು ತೆರೆದು, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಏರಿದೊಡನೆ ಲೋಮಾಂಗಗಳ ಬಡಿತದ ದಿಕ್ಕು ತಿರುಗುತ್ತದೆ. ಅದನ್ನು ಹೊರದಬ್ಬಿದ ಮೇಲೆ ಮತ್ತೆ ಮುನ್ನಡೆ. 1972ರಲ್ಲಿ ಜಪಾನಿನ ಯುತಾಕಾ ನೈತೋ ಮತ್ತು ಹಿರೋಶಿ ಕನೆಕೊ ಪ್ಯಾರಮೀಸಿಯಂ ಕೋಶಗಳನ್ನು ಮಾರ್ಜಕದಲ್ಲಿ ನೆನೆಸಿ ಪೊರೆಯನ್ನು ಹಾಳುಗೆಡವಿ, ಯಾವ ಅರ್ಥದಲ್ಲಿ ನೋಡಿದರೂ ಸತ್ತ ಆ ಕೋಶಗಳಿಗೆ ಎಟಿಪಿ ಮತ್ತು ಮೆಗ್ನೀಸಿಯಂ ಕೊಟ್ಟರು. ಅವು ಈಜತೊಡಗಿದವು. ಕ್ಯಾಲ್ಸಿಯಂ ಅತಿ ಕಡಿಮೆ ಇದ್ದಾಗ ಮುಂದಕ್ಕೆ, ಒಂದು ಮಟ್ಟ ದಾಟಿದಾಗ ಹಿಂದಕ್ಕೆ. ಜೀವ ಹೋದ ಮೇಲೂ ಮೋಟಾರು, ಹಳಿ, ಕಟ್ಟು ಉಳಿದಿದ್ದವು. ಇಂಧನ ಸಿಕ್ಕಿತು, ಚಲನೆ ಬಂತು. ಕ್ಯಾಲ್ಸಿಯಂ ಕಾಲುವೆ ಕೆಟ್ಟ ಪ್ಯಾರಮೀಸಿಯಂಗಳೂ ಇವೆ. ಹಿಂದಕ್ಕೆ ಹೋಗಲು ಬಾರದ ಈ ತಳಿಗಳಿಗೆ ಚದುರಂಗದ ಕಾಲಾಳಿನ ಹೆಸರನ್ನಿಟ್ಟಿದ್ದಾರೆ.

ಕೈನೆಸಿನ್‌ನ ಪರೋಕ್ಷ ಪಾತ್ರವೆಂದೆನಲ್ಲ, ಅದು ಇಲ್ಲಿದೆ. ಲೋಮಾಂಗದ ತುದಿಯಲ್ಲಿ ಪ್ರೋಟೀನ್ ತಯಾರಿಸುವ ವ್ಯವಸ್ಥೆಯಿಲ್ಲ, ಬೆಳವಣಿಗೆ ನಡೆಯಬೇಕಾದದ್ದು ಮಾತ್ರ ತುದಿಯಲ್ಲೇ. ಬೇಕಾದ ಬಿಡಿಭಾಗಗಳನ್ನು ಬುಡದಿಂದ ತುದಿಗೆ ಕೈನೆಸಿನ್‌ಗಳು ಹೊತ್ತು ಒಯ್ಯುತ್ತವೆ, ತುದಿಯಿಂದ ಬುಡಕ್ಕೆ ಬೇರೊಂದು ಬಗೆಯ ಡೈನೀನ್ ವಾಪಸು ತರುತ್ತದೆ. 1993ರಲ್ಲಿ ಕ್ಲ್ಯಾಮಿಡೋಮೊನಾಸ್‌ನಲ್ಲಿ ಈ ಸಂಚಾರವನ್ನು ಮೊದಲು ಕಂಡರು. ಅದರ ಕಶಾಂಗವೂ ಒಳಗಿನ ರಚನೆಯಲ್ಲಿ ಲೋಮಾಂಗದಂಥದ್ದೇ. ಆ ಕೈನೆಸಿನ್ ಇಲ್ಲದ ಕೋಶಕ್ಕೆ ಕಶಾಂಗವೇ ಹುಟ್ಟುವುದಿಲ್ಲ.

ಇಷ್ಟನ್ನು ಓದಿದವರು ಬ್ಯಾಕ್ಟೀರಿಯಾದ ಕಶಾಂಗವೂ ಹೀಗೆಯೇ ಇರಬೇಕೆಂದು ಭಾವಿಸುವ ಸಂಭವವಿದೆ. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಬ್ಯಾಕ್ಟೀರಿಯಾದ ಕಶಾಂಗ ಬಾಗುವುದಿಲ್ಲ, ಬುಡದಲ್ಲಿರುವ ಯಂತ್ರದಿಂದ ಹಡಗಿನ ಚಾಲಕಪಂಖದಂತೆ ಗಿರಗಿರನೆ ತಿರುಗುತ್ತದೆ, ಈ. ಕೋಲೈನಲ್ಲಿ ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು. ಆ ಯಂತ್ರ ಎಟಿಪಿಯನ್ನು ನೇರವಾಗಿ ಬಳಸುವುದಿಲ್ಲ, ಪೊರೆಯ ಮೂಲಕ ಒಳಹರಿಯುವ ಪ್ರೋಟಾನುಗಳಿಂದ ನಡೆಯುತ್ತದೆ. ಅದೊಂದು ಬೇರೆಯದೇ ಕಥೆ.

ಡೈನೀನ್ ಕೈಕೊಟ್ಟರೆ ಏನಾಗುತ್ತದೆಂಬುದು ಮನುಷ್ಯರಲ್ಲೂ ಕಾಣುತ್ತದೆ. ಹುಟ್ಟಿದಾಗಿನಿಂದ ಕಫ ಬಿಡದ ಕೆಮ್ಮು, ಮತ್ತೆ ಮತ್ತೆ ಸೈನಸ್ ಮತ್ತು ಶ್ವಾಸಕೋಶದ ಸೋಂಕು, ಗಂಡಸರಾದರೆ ಮಕ್ಕಳಾಗದಿರುವಿಕೆ, ಕೆಲವರಲ್ಲಿ ಎದೆಯ ಬಲಗಡೆಗಿರುವ ಹೃದಯ: ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಿಸುವ ಈ ಲಕ್ಷಣಗಳು ಒಬ್ಬರಲ್ಲೇ ಏಕೆ ಬರುತ್ತವೆ ಎಂಬುದಕ್ಕೆ 1976ರಲ್ಲಿ ಅದೇ ಅಫ್ಜೀಲಿಯಸ್ ಉತ್ತರ ಕೊಟ್ಟರು. ಇಂಥ ರೋಗಿಗಳ ಲೋಮಾಂಗಗಳಲ್ಲೂ ವೀರ್ಯಾಣುಗಳಲ್ಲೂ ಡೈನೀನ್ ತೋಳುಗಳು ಇರಲಿಲ್ಲ. ಶ್ವಾಸನಾಳದಿಂದ ಕಫವನ್ನು ಮೇಲಕ್ಕೆ ಗುಡಿಸುವ ಲೋಮಾಂಗವೂ, ವೀರ್ಯಾಣುವಿನ ಬಾಲವೂ, ಭ್ರೂಣದಲ್ಲಿ ಎಡಬಲಗಳನ್ನು ತೀರ್ಮಾನಿಸುವ ದ್ರವದ ಹರಿವನ್ನು ಉಂಟುಮಾಡುವ ಲೋಮಾಂಗವೂ ಒಂದೇ ಮೋಟಾರಿನಿಂದ ನಡೆಯುತ್ತವೆ. ಹರಿವೇ ಇಲ್ಲದಿದ್ದರೆ ಹೃದಯ ಯಾವ ಪಕ್ಕಕ್ಕೆ ಹೋಗಬೇಕೆಂಬುದು ಆಕಸ್ಮಿಕಕ್ಕೆ ಬಿಟ್ಟ ವಿಷಯವಾಗುತ್ತದೆ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಅದು ಬಲಕ್ಕೆ ಇರುವುದು ಅದಕ್ಕಾಗಿ.

ಈಜು ಬಿಟ್ಟು ತೆವಳುವಿಕೆಗೆ ಬಂದರೆ ಹಳಿ ಬದಲಾಗುತ್ತದೆ. ಕಾಫಿ ತೋಟದ ನೆರಳಿನಲ್ಲಿ ಕೊಳೆಯುತ್ತಿರುವ ತರಗೆಲೆಯ ಕೆಳಗಿನ ಮಣ್ಣಿನಂಥ ತೇವದ ನೆಲದಲ್ಲಿ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ಅಮೀಬಾಗಳ ಒಂದು ಗುಂಪು ಲೋಳೆಬೂಷ್ಟುಗಳದ್ದು. ಅವುಗಳಲ್ಲಿ ಡಿಕ್ಟಿಯೋಸ್ಟೀಲಿಯಂ ವಿಜ್ಞಾನಿಗಳಿಗೆ ಅತಿ ಪ್ರಿಯವಾದ ಜೀವಿ. ಆಹಾರ ಮುಗಿದಾಗ ಬಿಡಿಬಿಡಿಯಾಗಿದ್ದ ಈ ಕೋಶಗಳು ಒಂದು ರಾಸಾಯನಿಕ ಕರೆಯನ್ನು ಅನುಸರಿಸಿ ಸಾವಿರ ಸಾವಿರ ಸಂಖ್ಯೆಯಲ್ಲಿ ಒಂದೆಡೆಗೆ ತೆವಳಿ ಬರುತ್ತವೆ. ವೇಗ ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್, ಹೆಚ್ಚುಕಡಿಮೆ ತಮ್ಮ ಮೈಯಷ್ಟೇ ದೂರ. ಸ್ನಾಯುವಿನಲ್ಲಿರುವ ಮಯೋಸಿನ್‌ನ ಹತ್ತಿರದ ಸಂಬಂಧಿಯಾದ ಮಯೋಸಿನ್-2 ಈ ಅಮೀಬಾದಲ್ಲೂ ಇದೆಯೆಂದು ಮೊದಲೇ ತಿಳಿದಿತ್ತು. ಆದ್ದರಿಂದ ಸ್ನಾಯು ಎಳೆಯುವಂತೆ ಅಮೀಬಾವೂ ಮಯೋಸಿನ್‌ನಿಂದಲೇ ತೆವಳುತ್ತದೆ ಎಂದು ಬಹುತೇಕ ಎಲ್ಲರೂ ನಂಬಿದ್ದರು.

1987ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು, ಒಂದು ಆ ಮಯೋಸಿನ್‌ನ ಜೀನನ್ನೇ ಕೆಡಿಸಿ, ಇನ್ನೊಂದು ಅದರ ಉತ್ಪಾದನೆಯನ್ನು ಅಡಗಿಸಿ, ಏನಾಗುತ್ತದೆಂದು ನೋಡಿದವು. ಕೋಶಗಳು ನಿಲ್ಲಲಿಲ್ಲ, ತೆವಳುತ್ತಲೇ ಇದ್ದವು, ಆದರೆ ನಿಧಾನವಾಗಿ ಮತ್ತು ಒರಟೊರಟಾಗಿ. ದ್ರವದಲ್ಲಿ ತೇಲಿಬಿಟ್ಟಾಗ ಮಾತ್ರ ಅವುಗಳಿಗೆ ಎರಡಾಗಿ ವಿಭಜನೆಯಾಗಲು ಬರಲಿಲ್ಲ. ನಡು ಹಿಂಡಿ ಕತ್ತರಿಸುವ ಕೆಲಸಕ್ಕೆ ಮಯೋಸಿನ್-2 ಬೇಕೇ ಬೇಕಾಗಿತ್ತು. ತೆವಳುವಿಕೆಯ ಮುಂತುದಿಯನ್ನು ತಳ್ಳುತ್ತಿರುವುದು ಮೋಟಾರು ಅಲ್ಲವೆಂದು ಇದರಿಂದ ಹೊರಬಿತ್ತು. ಮುಂತುದಿಯ ಪೊರೆಯ ಬೆನ್ನಿಗೆ ಆಕ್ಟಿನ್ ಬಿಡಿ ಅಣುಗಳು ಒಂದರ ಮೇಲೊಂದು ಸೇರಿ ಎಳೆಗಳಾಗಿ ಬೆಳೆಯುತ್ತವೆ, ಎಳೆಗಳು ಕವಲೊಡೆದು ಜಾಲವಾಗುತ್ತವೆ, ಬೆಳೆಯುವ ಜಾಲವೇ ಪೊರೆಯನ್ನು ಮುಂದೆ ದೂಡುತ್ತದೆ. ಹಳಿ ತಾನೇ ಬೆಳೆದು ತಳ್ಳುವ ಈ ಬಗೆಗೆ ಮೋಟಾರಿನ ಅಗತ್ಯವಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ನಮ್ಮ ಕೋಶಗಳ ಒಳಹೊಕ್ಕು ಆಕ್ಟಿನ್ ಬಾಲವೊಂದನ್ನು ಹಿಂದೆ ಕಟ್ಟಿಸಿಕೊಂಡು ಓಡಾಡುವುದೂ ಹೀಗೆಯೇ. 1999ರಲ್ಲಿ ಮಯೋಸಿನ್ ಒಂದಿಷ್ಟೂ ಇಲ್ಲದ ಶುದ್ಧ ಪ್ರೋಟೀನುಗಳ ಮಿಶ್ರಣದಲ್ಲಿ ಅದನ್ನು ಓಡಿಸಿ ತೋರಿಸಿದರು. ಕೋಶದ ಚಲನೆಯೆಲ್ಲ ಮೋಟಾರ್ ಪ್ರೋಟೀನುಗಳದ್ದೇ ಎಂದು ಬರೆಯುವುದು ಅದಕ್ಕಾಗಿ ತಪ್ಪು.

ಹಾಗಾದರೆ ತೆವಳುವ ಕೋಶದಲ್ಲಿ ಮಯೋಸಿನ್‌ನ ಪಾಲು ಏನು? ಅದು ಹಿಂಬದಿಯಲ್ಲಿದೆ. ಮಯೋಸಿನ್-2 ಅಣುಗಳು ಕಟ್ಟಾಗಿ ಸೇರಿ, ಎರಡೂ ತುದಿಗಳಲ್ಲಿ ತಲೆಗಳಿರುವ ಪುಟ್ಟ ಕಂತೆಯಾಗುತ್ತವೆ. ಒಂದು ತುದಿಯ ತಲೆಗಳು ಒಂದು ಆಕ್ಟಿನ್ ಎಳೆಯನ್ನೂ ಇನ್ನೊಂದು ತುದಿಯವು ಎದುರಿನ ಎಳೆಯನ್ನೂ ತಮ್ಮ ಕಡೆಗೆ ಎಳೆದುಕೊಂಡಾಗ ಜಾಲ ಬಿಗಿಯಾಗುತ್ತದೆ. ಇಲ್ಲಿ ಮೋಟಾರು ಕಟ್ಟಿರುವುದು ಇನ್ನೊಂದು ಮೋಟಾರಿಗೆ, ಹಳಿಗಳು ಕಟ್ಟಿರುವುದು ಕೋಶದ ತೊಗಟೆಗೆ. ಫಲವಾಗಿ ಹಿಂಬದಿ ಹಿಂಡಿದಂತಾಗಿ ನೆಲದ ಹಿಡಿತ ಬಿಡಿಸಿಕೊಂಡು ಮುಂದೆ ಬರುತ್ತದೆ. ಗಾಜಿನ ಮೇಲೆ ತೆವಳುವಾಗ ಇದಿಲ್ಲದೆಯೂ ನಡೆದೀತು. ಅಗರ್ ಎಂಬ ಬಿಗಿಯಾದ ಲೋಳೆಪದರದ ಕೆಳಗೆ ನುಗ್ಗಬೇಕಾದಾಗ ಮಯೋಸಿನ್ ಇಲ್ಲದ ಅಮೀಬಾಗಳು ಸೋಲುತ್ತವೆ. ತೋಟದ ಮರಗಳ ರೆಂಬೆ ಕಡಿಯುವ ಮರಗಸಿಯ ಹೊತ್ತಿನಲ್ಲಿ ಕೈಗೆ ಸಿಬಿರು ಚುಚ್ಚಿದಾಗ ರಕ್ತನಾಳದಿಂದ ಹೊರಬಿದ್ದು ಗಾಯದ ಕಡೆಗೆ ಹೊರಡುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಕ್ಕೂ ಇದೇ ಕಷ್ಟ. ಅದು ನಿಮಿಷಕ್ಕೆ 10ರಿಂದ 20 ಮೈಕ್ರೋಮೀಟರ್ ವೇಗದಲ್ಲಿ, ಅಂಗಾಂಶದ ಇಕ್ಕಟ್ಟುಗಳಲ್ಲಿ ತೂರಿಕೊಂಡು ಹೋಗಬೇಕು. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಮೈಯನ್ನು ಹಿಂದಿನಿಂದ ಹಿಂಡಿ ದಾಟಿಸಲು ಮಯೋಸಿನ್ ಬೇಕು.

ಚಲನೆಯ ಮೂರನೆಯ ಬಗೆಯಾದ ಜಾರುವಿಕೆ ನಮ್ಮ ನಾಡಿನ ನೆನಪಿಗೆ ಹತ್ತಿರವಾದದ್ದು. ಮಲೇರಿಯಾದ ಚಳಿಜ್ವರ ಮಲೆನಾಡಿನಂತೆ ಕೊಡಗನ್ನೂ ತಲೆಮಾರುಗಳ ಕಾಲ ಕಾಡಿತು. ಪಶ್ಚಿಮಘಟ್ಟದ ತಪ್ಪಲಿನ ತೊರೆಗಳ ಅಂಚಿನಲ್ಲಿ, ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಅದನ್ನು ಹರಡುವುದರಲ್ಲಿ ಮುಖ್ಯವಾದದ್ದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೆ ಡಿಡಿಟಿ ಸಿಂಪಡಿಸಿದ ಮೇಲೆ ಜ್ವರದ ಹಿಡಿತ ಸಡಿಲವಾಯಿತು. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಇದೆಯೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. ಆ ರೋಗಾಣು ಚರ್ಮದಿಂದ ರಕ್ತನಾಳದವರೆಗೆ ಹೇಗೆ ಸಾಗುತ್ತದೆ ಎಂಬುದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು.

ಸೊಳ್ಳೆ ಕಚ್ಚಿದಾಗ ಜೊಲ್ಲಿನೊಂದಿಗೆ ಚರ್ಮಕ್ಕೆ ಇಳಿಯುವ, ಮಲೇರಿಯಾದ ರೋಗಾಣುವಾದ ಪ್ಲಾಸ್ಮೋಡಿಯಂನ ರೂಪಕ್ಕೆ ಸ್ಪೋರೋಜೋಯಿಟ್ ಎಂದು ಹೆಸರು. 10ರಿಂದ 15 ಮೈಕ್ರೋಮೀಟರ್ ಉದ್ದದ, ಕುಡುಗೋಲಿನಂತೆ ತುಸು ಬಾಗಿದ ಈ ಕೋಶಕ್ಕೆ ಲೋಮಾಂಗವೂ ಇಲ್ಲ, ಕಶಾಂಗವೂ ಇಲ್ಲ, ಮಿಥ್ಯಪಾದವೂ ಇಲ್ಲ. ಆಕಾರ ಬದಲಿಸದೆ ಸೆಕೆಂಡಿಗೆ 1ರಿಂದ 2 ಮೈಕ್ರೋಮೀಟರ್ ದೂರ ಜಾರುತ್ತದೆ. ನಿಮಿಷದ ಲೆಕ್ಕದಲ್ಲಿ ಇದು 60ರಿಂದ 120 ಮೈಕ್ರೋಮೀಟರ್. ಅದನ್ನು ಹಿಡಿಯಬೇಕಾದ ನ್ಯೂಟ್ರೋಫಿಲ್‌ಗಿಂತ ಹಲವು ಪಟ್ಟು ಹೆಚ್ಚು. ಇದರ ರಹಸ್ಯವೂ ಕಟ್ಟಿನಲ್ಲೇ ಇದೆ. ಕೋಶದ ಹೊರಪೊರೆಯ ಕೆಳಗೆ ಕೆಲವೇ ಹತ್ತು ನ್ಯಾನೋಮೀಟರ್ ಅಂತರದಲ್ಲಿ ಗಟ್ಟಿಯಾದ ಇನ್ನೊಂದು ಒಳಪೊರೆಯ ವ್ಯವಸ್ಥೆಯಿದೆ. ಮಯೋಸಿನ್-ಎ ಎಂಬ ಮೋಟಾರು ತನ್ನ ಬಾಲದಿಂದ ಈ ಒಳಪೊರೆಗೆ ಬಿಗಿಯಾಗಿ ಕಟ್ಟಿಕೊಂಡಿದೆ, ಅದು ನಡೆದು ಹೋಗುವಂತಿಲ್ಲ. ಅದು ಹಿಡಿದು ಎಳೆಯುವ ಗಿಡ್ಡ ಆಕ್ಟಿನ್ ಎಳೆಗಳು ಕೊಂಡಿಪ್ರೋಟೀನಿನ ಮೂಲಕ ಹೊರಪೊರೆಯನ್ನು ದಾಟಿ ನಿಂತ ಅಂಟುಪ್ರೋಟೀನುಗಳಿಗೆ ಸೇರಿಕೊಂಡಿವೆ. ಅಂಟುಪ್ರೋಟೀನುಗಳ ಹೊರತುದಿ ನಮ್ಮ ಚರ್ಮದ ನೆಲವನ್ನು ಹಿಡಿದಿದೆ. ಮಯೋಸಿನ್ ಎಳೆದಾಗ ಹಳಿ ಹಿಂದಕ್ಕೆ ಹೋಗಬೇಕು, ಆದರೆ ಹಳಿ ನೆಲಕ್ಕೆ ಅಂಟಿದೆ. ಹಳಿ ಅಲುಗದಿದ್ದ ಮೇಲೆ ಮೋಟಾರು ಕಟ್ಟಿಕೊಂಡಿರುವ ಕೋಶವೇ ಮುಂದಕ್ಕೆ ಸರಿಯಬೇಕು. ದೋಣಿಯಲ್ಲಿ ಕುಳಿತು ದಡದ ಮರಕ್ಕೆ ಕಟ್ಟಿದ ಹಗ್ಗವನ್ನು ಎಳೆದರೆ ಮರ ಬರುವುದಿಲ್ಲ, ದೋಣಿ ಹೋಗುತ್ತದೆ.

ಅಂಟುಪ್ರೋಟೀನು ಕೋಶದ ಹಿಂತುದಿಯನ್ನು ತಲುಪಿದಾಗ ಒಂದು ಕಿಣ್ವ ಅದನ್ನು ಕತ್ತರಿಸಿ ನೆಲದಿಂದ ಬಿಡುಗಡೆ ಮಾಡುತ್ತದೆ, ಮುಂತುದಿಯಲ್ಲಿ ಹೊಸವು ಹೊರಬರುತ್ತವೆ. ಪ್ರಯೋಗಾಲಯದಲ್ಲಿ ಗಾಜಿನ ಮೇಲೆ ಬಿಟ್ಟ ಸ್ಪೋರೋಜೋಯಿಟ್‌ಗಳು ಬಾಗಿದ ಮೈಗೆ ತಕ್ಕಂತೆ ಸುತ್ತು ಹಾಕುತ್ತ ಜಾರುತ್ತವೆ. ಅವು ಕಳಚಿಟ್ಟು ಹೋದ ಪ್ರೋಟೀನಿಗೆ ಬಣ್ಣ ಹಾಕಿದರೆ, ಮಳೆಗಾಲದ ಬೆಳಿಗ್ಗೆ ಜಗಲಿಯ ಮೇಲೆ ಬಸವನಹುಳ ಬಿಟ್ಟುಹೋದ ಗೆರೆಯಂತೆ ಗಾಜಿನ ಮೇಲೆ ಬಳೆ ಬಳೆಯಾದ ಜಾಡು ಮೂಡುತ್ತದೆ. ಚರ್ಮದೊಳಗೆ ಅವು ಹೀಗೆ ಸುತ್ತುವುದಿಲ್ಲ, ಅಂಕುಡೊಂಕಾಗಿ ಹುಡುಕಾಡಿ ರಕ್ತನಾಳವೊಂದನ್ನು ಕಂಡುಕೊಂಡು ಒಳಸೇರುತ್ತವೆ. ರಕ್ತ ಅವುಗಳನ್ನು ಯಕೃತ್ತಿಗೆ ಒಯ್ಯುತ್ತದೆ. ಅಲ್ಲಿ ಒಂದು ಕೋಶದ ಒಳಹೊಕ್ಕ ಮೇಲೆ ಸ್ಪೋರೋಜೋಯಿಟ್ ಆ ಒಳಪೊರೆಯ ವ್ಯವಸ್ಥೆಯನ್ನೇ ಕಳಚಿಹಾಕಿ, ಕುಡುಗೋಲಿನ ಆಕಾರ ಬಿಟ್ಟು ಗುಂಡಗಾಗಿ, ಕದಲದೆ ಕುಳಿತು ಬೆಳೆಯುತ್ತದೆ. ಕೆಲವು ದಿನಗಳ ತರುವಾಯ ಅದು ಸಾವಿರಾರು ಪುಟ್ಟ ಕೋಶಗಳಾಗಿ ಒಡೆಯುವ ಹೊತ್ತಿಗೆ, ಕೆಂಪುರಕ್ತಕಣದ ಒಳಗೆ ನುಗ್ಗಬೇಕಾದ ಆ ಪ್ರತಿಯೊಂದು ಕೋಶದಲ್ಲೂ ಒಳಪೊರೆ ಹೊಸದಾಗಿ ಎದ್ದು, ಮಯೋಸಿನ್-ಎ ಮತ್ತೆ ಅದಕ್ಕೆ ಕಟ್ಟಿಕೊಂಡಿರುತ್ತದೆ.